ನೆನಪಿನ ಯಂತ್ರಕ್ಕೆ ಒರೆಗಲ್ಲು

ಬಣ್ಣವನ್ನಷ್ಟೇ ನೋಡಿ ಚಿನ್ನಕ್ಕೆ ಬೆಲೆ ಕಟ್ಟುವ ಅಕ್ಕಸಾಲಿಗನು ಎಲ್ಲಿಯೂ ಇಲ್ಲ. ಹೊಳಪು ಹಿತ್ತಾಳೆಗೂ ಉಂಟೆಂಬುದನ್ನು ಅವನು ಬಲ್ಲನು. ಆದುದರಿಂದಲೇ ಅವನ ಪೆಟ್ಟಿಗೆಯಲ್ಲಿ ಕರಿಯ ಒರೆಗಲ್ಲೊಂದು ಇದ್ದೇ ಇರುತ್ತದೆ. ಕೋಲಾರದ ಚಿನ್ನದ ಗಣಿಗಳ ಸೀಮೆಯಲ್ಲಿ ಬೆಳೆದ ವಿದ್ಯಾರ್ಥಿಗಳಿಗೆ ಇದನ್ನು ವಿಸ್ತರಿಸಿ ಹೇಳಬೇಕಾದ ಅಗತ್ಯವಿಲ್ಲ. ಆದರೆ ಕಾಮಸಮುದ್ರದಿಂದಲೋ ಬಂಗಾರಪೇಟೆಯಿಂದಲೋ ಕಾಲೇಜಿಗೆ ಬರುವ ಅದೇ ವಿದ್ಯಾರ್ಥಿಗಳು ಕಂಪ್ಯೂಟರ್ ಪ್ರೋಗ್ರಾಮೊಂದನ್ನು ರಚಿಸಿ ತಂದಾಗ, ಅದಕ್ಕೆ ಬೆಲೆ ಕಟ್ಟುವ ನಮ್ಮ ಪದ್ಧತಿ ಯಾವುದು? ಪರೀಕ್ಷಕರ ಮುಂದೆ ಪ್ರೋಗ್ರಾಮನ್ನು ಒಮ್ಮೆ ನಡೆಸಿ ತೋರಿಸುತ್ತಾರೆ, ಪರದೆಯ ಮೇಲೆ ನಿರೀಕ್ಷಿಸಿದ ಉತ್ತರ ಮೂಡುತ್ತದೆ, ಅಂಕಗಳು ಬೀಳುತ್ತವೆ. ಇದು ಬಣ್ಣ ನೋಡಿ ಬೆಲೆ ಕಟ್ಟುವ ವ್ಯಾಪಾರವಲ್ಲದೆ ಬೇರೆಯಲ್ಲ. 'ಒಮ್ಮೆ ನಡೆಯಿತು' ಎಂಬುದಕ್ಕೂ 'ನಡೆಯುತ್ತದೆ' ಎಂಬುದಕ್ಕೂ ಇರುವ ಅಂತರ ಬಹಳ ದೊಡ್ಡದು.

ಪ್ರಕೃತ ಲೇಖನದಲ್ಲಿ ನಾನು ಮಂಡಿಸಬಯಸುವ ಅಭಿಪ್ರಾಯ ಸರಳವಾದುದು. ವಿದ್ಯಾರ್ಥಿಗಳು ರಚಿಸಿದ ಪ್ರೋಗ್ರಾಮಿಗೆ ಕೊಡುವಷ್ಟೇ ಬೆಲೆಯನ್ನು, ಅದನ್ನು ಸೋಲಿಸುವುದಕ್ಕೆಂದು ಅವರೇ ರಚಿಸಿದ ಪರೀಕ್ಷೆಗಳಿಗೂ ನಾವು ಕೊಡಬೇಕು. ಈ ಮಾತನ್ನು ಗಾಳಿಯಲ್ಲಿ ಬಿಡದೆ, ವಿದ್ಯಾರ್ಥಿಗಳು ಕೈಹಚ್ಚಬಹುದಾದ ಒಂದು ನಿರ್ದಿಷ್ಟ ಕೆಲಸವನ್ನು ಮುಂದಿಟ್ಟುಕೊಂಡು ವಿವರಿಸುತ್ತೇನೆ. ಆವೃತ್ತಿ ನಿಯಂತ್ರಣ ವ್ಯವಸ್ಥೆಯೊಂದರ ಚಿಕ್ಕ ಮಾದರಿಯನ್ನು ರಚಿಸುವುದೇ ಆ ಕೆಲಸ. ಅದನ್ನು ಆರಿಸಿಕೊಳ್ಳಲು ಕಾರಣವುಂಟು. ಲೆಕ್ಕ ಮಾಡುವ ಪ್ರೋಗ್ರಾಮು ತಪ್ಪಿದರೆ ತಪ್ಪು ಒಡನೆಯೇ ಕಾಣಬಹುದು. ನೆನಪಿಟ್ಟುಕೊಳ್ಳುವುದೇ ಕೆಲಸವಾಗಿರುವ ಪ್ರೋಗ್ರಾಮು ತಪ್ಪಿದರೆ, ಹಳೆಯದು ಬೇಕೆಂದು ನಾವು ಹುಡುಕಿಕೊಂಡು ಹೋದ ದಿನದವರೆಗೂ ಆ ತಪ್ಪು ಅಡಗಿಯೇ ಇರುತ್ತದೆ.

ಪಹಣಿಯಿಂದ ಗಿಟ್‌ನವರೆಗೆ

ಆವೃತ್ತಿ ನಿಯಂತ್ರಣವೆಂದರೇನು? ನಮ್ಮ ಹಳ್ಳಿಗಳಲ್ಲಿ ಅದರ ಛಾಯೆ ಬಹಳ ಹಿಂದಿನಿಂದಲೂ ಇದೆ. ಹೊಲವೊಂದರ ಪಹಣಿಯನ್ನು ತೆಗೆದು ನೋಡಿದರೆ ಅದರ ಸರ್ವೆ ನಂಬರು, ವಿಸ್ತೀರ್ಣ, ಈ ಹೊತ್ತು ಅದು ಯಾರ ಹೆಸರಿನಲ್ಲಿದೆ ಎಂಬ ಸಂಗತಿಗಳು ತಿಳಿಯುತ್ತವೆ. ಹಿಂದೆ ಯಾರದಾಗಿತ್ತು, ಕ್ರಯದಿಂದ ಬಂದಿತೋ, ಪೌತಿಯಿಂದ ಬಂದಿತೋ, ಅಣ್ಣತಮ್ಮಂದಿರ ವಿಭಾಗದಿಂದ ಬಂದಿತೋ ಎಂಬ ಚರಿತ್ರೆಗೆ ಮ್ಯುಟೇಷನ್ ರಿಜಿಸ್ಟರನ್ನು ನೋಡಬೇಕು. ಅಲ್ಲಿ ಪ್ರತಿಯೊಂದು ಬದಲಾವಣೆಗೂ ಒಂದು ಸಂಖ್ಯೆ, ಒಂದು ದಿನಾಂಕ, ಒಂದು ಕಾರಣ ಇರುತ್ತವೆ. ಹೊಸ ನಮೂದು ಬಂದಿತೆಂದು ಹಳೆಯದನ್ನು ಅಳಿಸುವಂತಿಲ್ಲ. ಕರ್ನಾಟಕ ಸರ್ಕಾರವು 'ಭೂಮಿ' ಯೋಜನೆಯ ಮೂಲಕ ಈ ದಾಖಲೆಗಳನ್ನು 2000ದ ಆಸುಪಾಸಿನಲ್ಲಿ ಕಂಪ್ಯೂಟರಿಗೆ ಏರಿಸಿತು. ಸುಮಾರು 67 ಲಕ್ಷ ರೈತರಿಗೆ ಸಂಬಂಧಿಸಿದ ಸುಮಾರು 2 ಕೋಟಿ ದಾಖಲೆಗಳ ಕೆಲಸವದು. ಇಷ್ಟೊಂದು ಸಂಸಾರಗಳ ಅನ್ನದ ಆಧಾರವು ಒಂದು ಯಂತ್ರದ ನೆನಪಿನ ಮೇಲೆ ನಿಂತಿದೆಯೆಂದರೆ, ಆ ನೆನಪನ್ನು ಒರೆಗೆ ಹಚ್ಚುವ ವಿದ್ಯೆ ಕಡೆಗಣಿಸತಕ್ಕದ್ದಲ್ಲ.

ಪ್ರೋಗ್ರಾಮು ಬರೆಯುವವರಿಗೂ ಇಂತಹ ರಿಜಿಸ್ಟರು ಬೇಕಾಯಿತು. ಹತ್ತು ಜನರು ಸೇರಿ ಬರೆಯುವ ಪ್ರೋಗ್ರಾಮಿನಲ್ಲಿ ಯಾರು, ಯಾವಾಗ, ಯಾವ ಸಾಲನ್ನು, ಏಕೆ ಬದಲಾಯಿಸಿದರೆಂದು ತಿಳಿಯದಿದ್ದರೆ ಕೆಲಸ ಕೆಡುತ್ತದೆ. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಮಾರ್ಕ್ ರಾಕ್‌ಕೈಂಡ್ ಎಂಬವರು 1972ರಲ್ಲಿ ಈ ಕೆಲಸಕ್ಕಾಗಿ ಒಂದು ವ್ಯವಸ್ಥೆಯನ್ನು ರಚಿಸಿದರು. ಅಲ್ಲಿಂದ ಮುಂದೆ ಹಲವು ವ್ಯವಸ್ಥೆಗಳು ಬಂದುವು. ಲೀನಕ್ಸ್ ಎಂಬ ಕಾರ್ಯವ್ಯವಸ್ಥೆಯ ಮೂಲಕರ್ತೃವಾದ ಲೀನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲ್ ತಿಂಗಳಿನಲ್ಲಿ ಬರೆಯಲಾರಂಭಿಸಿದ 'ಗಿಟ್' ಎಂಬುದು ಇಂದು ಜಗತ್ತಿನಲ್ಲೆಲ್ಲ ಬಳಕೆಯಲ್ಲಿದೆ.

ಗಿಟ್‌ನ ಒಳಗಿನ ತತ್ತ್ವ ವಿದ್ಯಾರ್ಥಿಗಳಿಗೆ ಎಟುಕದಂತಹುದೇನೂ ಅಲ್ಲ. ಪ್ರತಿಯೊಂದು ಫೈಲಿನಲ್ಲಿರುವ ವಿಷಯವನ್ನು ಒಂದು ಗಣಿತಕ್ರಿಯೆಗೆ ಒಳಪಡಿಸಿ, ಬೆರಳಚ್ಚಿನಂತಹ ಒಂದು ಸಂಖ್ಯೆಯನ್ನು ಪಡೆಯುತ್ತಾರೆ. ಇದಕ್ಕೆ ಹ್ಯಾಷ್ ಎಂದು ಹೆಸರು. ಆ ಸಂಖ್ಯೆಯನ್ನೇ ಹೆಸರನ್ನಾಗಿಟ್ಟು ವಿಷಯವನ್ನು ಭಂಡಾರದಲ್ಲಿ ಇಡುತ್ತಾರೆ. ಯಾವ ಯಾವ ಫೈಲಿಗೆ ಯಾವ ಯಾವ ಸಂಖ್ಯೆ ಎಂಬ ಪಟ್ಟಿಯೊಂದು ತಯಾರಾಗುತ್ತದೆ. ಆ ಪಟ್ಟಿ, ಬರೆದವರ ಹೆಸರು, ಕಾಲ, ಬದಲಾವಣೆಯ ಕಾರಣ, ಇದಕ್ಕೆ ಹಿಂದಿನ ನಮೂದಿನ ಸಂಖ್ಯೆ ಇವಿಷ್ಟನ್ನೂ ಸೇರಿಸಿ ಒಂದು ನಮೂದು ಮಾಡುತ್ತಾರೆ. ಇದೇ 'ಕಮಿಟ್'. ಒಂದು ನಮೂದು ತನ್ನ ಹಿಂದಿನದನ್ನು ಹಿಡಿದುಕೊಂಡಿರುವುದರಿಂದ ಸರಪಳಿಯ ಕೊಂಡಿಗಳಂತೆ ಮೊದಲಿನವರೆಗೂ ಹಿಂದಕ್ಕೆ ನಡೆಯಬಹುದು. ಅಮೆರಿಕದ ಬರ್ಕಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 'ಗಿಟ್‌ಲೆಟ್' ಎಂಬ ಹೆಸರಿನಿಂದ ಇಂತಹ ಪುಟ್ಟ ವ್ಯವಸ್ಥೆಯನ್ನು ರಚಿಸುವ ಕೆಲಸವನ್ನು ಆರಂಭದ ತರಗತಿಯ ವಿದ್ಯಾರ್ಥಿಗಳಿಗೇ ಕೊಟ್ಟಿದ್ದಾರೆ. ಪೈಥಾನ್ ಭಾಷೆಯನ್ನು ಸಾಧಾರಣವಾಗಿ ಬಲ್ಲ ನಮ್ಮ ವಿದ್ಯಾರ್ಥಿಗಳ ತಂಡವೊಂದು ಕೆಲವು ವಾರಗಳಲ್ಲಿ ಇದನ್ನು ಮಾಡಬಲ್ಲುದು. ಮಾಡಿದ್ದು ಸರಿಯೇ ಎಂದು ತಿಳಿಯುವುದು ಹೇಗೆಂಬುದೇ ಪ್ರಶ್ನೆ.

ಬಿಡಿ ಭಾಗದ ಪರೀಕ್ಷೆ

'ಪರೀಕ್ಷೆ' ಎಂದೊಡನೆ ನಮ್ಮ ವಿದ್ಯಾರ್ಥಿಗಳ ಎದೆ ಡವಗುಟ್ಟುವುದುಂಟು. ಇಲ್ಲಿ ಹೇಳುವ ಪರೀಕ್ಷೆಯ ಸ್ವಭಾವವೇ ಬೇರೆ. ಕಾಲೇಜಿನ ಪರೀಕ್ಷೆಯಲ್ಲಿ ಅನುತ್ತೀರ್ಣತೆ ನಷ್ಟ. ಇಲ್ಲಿ ಅನುತ್ತೀರ್ಣತೆಯೇ ಲಾಭ, ಏಕೆಂದರೆ ಅದು ಅಡಗಿದ್ದ ದೋಷವೊಂದನ್ನು ಬೆಳಕಿಗೆ ತರುತ್ತದೆ.

ಪ್ರೋಗ್ರಾಮಿನ ಒಂದು ಚಿಕ್ಕ ಭಾಗವನ್ನು ಉಳಿದವುಗಳಿಂದ ಬೇರ್ಪಡಿಸಿ, ಅದಕ್ಕೆ ಗೊತ್ತಾದ ಒಂದು ಪದಾರ್ಥವನ್ನು ಉಣಿಸಿ, ಅದು ಕೊಡುವ ಉತ್ತರವನ್ನು ಮೊದಲೇ ಬರೆದಿಟ್ಟ ಉತ್ತರದೊಡನೆ ತಾಳೆ ನೋಡುವುದಕ್ಕೆ ಘಟಕ ಪರೀಕ್ಷೆ ಅಥವಾ ಯೂನಿಟ್ ಟೆಸ್ಟ್ ಎನ್ನುತ್ತಾರೆ. ತಾಳೆ ನೋಡುವ ಕೆಲಸವನ್ನೂ ಯಂತ್ರವೇ ಮಾಡುವುದರಿಂದ, ನೂರು ಪರೀಕ್ಷೆಗಳನ್ನು ಕೆಲವೇ ಕ್ಷಣಗಳಲ್ಲಿ ಎಷ್ಟು ಸಲ ಬೇಕಾದರೂ ನಡೆಸಬಹುದು. ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ ಎಂಬವರು ಜಾವಾ ಭಾಷೆಗಾಗಿ 1997ರಲ್ಲಿ ರಚಿಸಿದ 'ಜೆಯೂನಿಟ್' ಎಂಬ ಸಾಧನದಿಂದ ಈ ಪದ್ಧತಿ ಬಹಳ ಪ್ರಚಾರಕ್ಕೆ ಬಂದಿತು. ಪೈಥಾನ್ ಭಾಷೆಯ ಜೊತೆಯಲ್ಲಿ ಇಂತಹ ಸಾಧನವೊಂದು ಉಚಿತವಾಗಿಯೇ ದೊರೆಯುತ್ತದೆ.

ಬೇರ್ಪಡಿಸುವುದು ಏಕೆ? ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಉತ್ತರ ಗೊತ್ತೇ ಇದೆ. ಲೋಲಕದ ಪ್ರಯೋಗದಲ್ಲಿ ಉದ್ದವನ್ನೂ ಗುಂಡಿನ ತೂಕವನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತೆಂದು ಹೇಳಲಾಗದು. ನಮ್ಮ ಸೀಮೆಯಲ್ಲಿಯೇ ಇದಕ್ಕೊಂದು ಭವ್ಯವಾದ ನಿದರ್ಶನವಿದೆ. ಕೋಲಾರ ಚಿನ್ನದ ಗಣಿಗಳಲ್ಲಿ ನೆಲದಿಂದ ಸುಮಾರು 2300 ಮೀಟರ್ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್‌ಹ್ಯಾಮ್‌ನ ವಿಜ್ಞಾನಿಗಳೊಡನೆ ಸೇರಿ 1965ರಲ್ಲಿ ವಾಯುಮಂಡಲದ ನ್ಯೂಟ್ರಿನೊಗಳ ಸುಳಿವನ್ನು ಪತ್ತೆಹಚ್ಚಿದರು. ಅಷ್ಟು ಆಳಕ್ಕೆ ಇಳಿದುದು, ಮೇಲಿನಿಂದ ಸದಾ ಸುರಿಯುವ ವಿಶ್ವಕಿರಣಗಳ ಗದ್ದಲವನ್ನು ಬಂಡೆಯ ಗೋಡೆಯಿಂದ ತಡೆಯುವುದಕ್ಕಾಗಿ. ಗಣಿಗಳು 2001ರಲ್ಲಿ ಮುಚ್ಚಿದುವು. ಆ ಪ್ರಯೋಗದ ಪಾಠ ಉಳಿದಿದೆ. ನೋಡಬೇಕಾದುದನ್ನು ನೋಡಬೇಕಾದರೆ ಉಳಿದವನ್ನು ಹೊರಗಿಡಬೇಕು. ಘಟಕ ಪರೀಕ್ಷೆಯಲ್ಲಿ ಪ್ರತಿಯೊಂದು ಪರೀಕ್ಷೆಗೂ ಹೊಸದಾದ, ಖಾಲಿಯಾದ ಒಂದು ಫೋಲ್ಡರನ್ನು ತೆರೆದು, ಮುಗಿದ ಮೇಲೆ ಅಳಿಸಿಬಿಡುವುದೂ ಇದೇ ಕಾರಣಕ್ಕಾಗಿ. ಹಿಂದಿನ ಪರೀಕ್ಷೆಯು ಬಿಟ್ಟುಹೋದ ಫೈಲಿನ ನೆರವಿನಿಂದ ಮುಂದಿನದು ಗೆದ್ದರೆ ಅದು ಗೆಲುವಲ್ಲ.

ಏನನ್ನು ಪರೀಕ್ಷಿಸಬೇಕು

ಮೊದಲನೆಯ ನಿಯಮವೇ ಎಲ್ಲಕ್ಕೂ ತಳಹದಿ: ಇಟ್ಟದ್ದು ಇಟ್ಟಂತೆಯೇ ಮರಳಿ ಬರಬೇಕು. ಒಂದು ಬೈಟ್ ಕೂಡ ಹೆಚ್ಚುಕಡಿಮೆಯಾಗಬಾರದು. ಇದನ್ನು ಸುಲಭವಾದ ಫೈಲಿನಿಂದ ಪರೀಕ್ಷಿಸಿ ತೃಪ್ತಿಪಟ್ಟರೆ ಸಾಲದು. ಏನೂ ಇಲ್ಲದ ಖಾಲಿ ಫೈಲನ್ನು ಇಟ್ಟು ನೋಡಬೇಕು. ಕೊನೆಯ ಸಾಲಿನ ನಂತರ ಸಾಲುಮುರಿತವಿಲ್ಲದ ಫೈಲನ್ನು ಇಟ್ಟು ನೋಡಬೇಕು. ವಿಂಡೋಸ್ ಯಂತ್ರಗಳಲ್ಲಿ ಸಾಲಿನ ಕೊನೆಯನ್ನು 13 ಮತ್ತು 10 ಎಂಬ ಎರಡು ಸಂಕೇತಗಳಿಂದಲೂ ಲೀನಕ್ಸ್ ಯಂತ್ರಗಳಲ್ಲಿ 10 ಎಂಬ ಒಂದೇ ಸಂಕೇತದಿಂದಲೂ ಗುರುತಿಸುವ ವಾಡಿಕೆಯಿದೆ. ಎರಡೂ ಬಗೆಯವನ್ನು ಇಟ್ಟು ನೋಡಬೇಕು. ಅಕ್ಷರಗಳೇ ಇಲ್ಲದ ಒಂದು ಛಾಯಾಚಿತ್ರವನ್ನೂ ಇಟ್ಟು ನೋಡಬೇಕು. ಫೈಲನ್ನು ಬೈಟುಗಳಾಗಿ ಓದದೆ ಅಕ್ಷರಗಳಾಗಿ ಓದುವ ಪ್ರೋಗ್ರಾಮು ಛಾಯಾಚಿತ್ರದ ಮುಂದೆ ಮುಗ್ಗರಿಸುವುದನ್ನು ಮೊದಲ ದಿನವೇ ಕಾಣಬಹುದು.

ಎರಡನೆಯದು ಬೆರಳಚ್ಚಿನ ಪರೀಕ್ಷೆ. ಒಂದೇ ವಿಷಯಕ್ಕೆ ಒಂದೇ ಸಂಖ್ಯೆ ಬರಬೇಕು. ವಿಷಯ ಎಳ್ಳಷ್ಟು ಬದಲಾದರೂ ಸಂಖ್ಯೆ ಬದಲಾಗಬೇಕು. ಯಾವುದೋ ತಂಡವು ಎಲ್ಲ ಅಕ್ಷರಗಳ ಸಂಕೇತಗಳನ್ನು ಕೂಡಿಸಿ ಬಂದ ಮೊತ್ತವನ್ನೇ ಹ್ಯಾಷ್ ಎಂದು ಬಳಸಿತೆಂದು ಇಟ್ಟುಕೊಳ್ಳಿ. 1 ಎಂಬ ಅಂಕಿಯ ಸಂಕೇತ 49, 2ರ ಸಂಕೇತ 50. ಆಗ '12' ಎಂಬುದಕ್ಕೂ '21' ಎಂಬುದಕ್ಕೂ ಮೊತ್ತ 99 ಆಗುತ್ತದೆ. ಅಂಕಪಟ್ಟಿಯಲ್ಲಿ 12 ಇದ್ದುದನ್ನು 21 ಮಾಡಿದರೂ ಈ ಯಂತ್ರವು 'ಏನೂ ಬದಲಾಗಿಲ್ಲ' ಎಂದು ನೆಮ್ಮದಿಯಿಂದ ಹೇಳುತ್ತದೆ! ಇಂತಹ ಅನರ್ಥವನ್ನು ಎರಡು ಸಾಲಿನ ಪರೀಕ್ಷೆಯೊಂದು ಹೊರಗೆಳೆಯಬಲ್ಲುದು. ಪ್ರಮಾಣೀಕೃತ ಹ್ಯಾಷ್ ಕ್ರಿಯೆಗಳನ್ನು ಬಳಸುವವರಿಗೆ ಇನ್ನೊಂದು ಅನುಕೂಲವಿದೆ: ಗೊತ್ತಾದ ಸಂದೇಶಗಳಿಗೆ ಬರಬೇಕಾದ ಉತ್ತರಗಳು ಮೊದಲೇ ಪ್ರಕಟವಾಗಿವೆ, ಅವುಗಳೊಡನೆ ತಾಳೆ ನೋಡಬಹುದು. ಆದರೆ ಪ್ರಮಾಣೀಕೃತವಾದುದೂ ಚಿರಂತನವಲ್ಲ. ಗಿಟ್ ಆರಂಭದಿಂದ ನೆಚ್ಚಿಕೊಂಡಿದ್ದ 'ಶಾ-1' ಎಂಬ ಕ್ರಿಯೆಯಲ್ಲಿ, ಬೇರೆ ಬೇರೆಯಾದ ಎರಡು ಫೈಲುಗಳಿಗೆ ಒಂದೇ ಸಂಖ್ಯೆ ಬರುವುದನ್ನು ಗೂಗಲ್ ಸಂಸ್ಥೆ ಮತ್ತು ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧಕರು 2017ರ ಫೆಬ್ರವರಿಯಲ್ಲಿ ಮಾಡಿ ತೋರಿಸಿದರು.

ಮೂರನೆಯದು ನಮ್ಮ ಲಿಪಿಗೆ ಸಂಬಂಧಿಸಿದುದು. ಇದನ್ನು ಇಂಗ್ಲಿಷ್ ಪಠ್ಯಪುಸ್ತಕಗಳು ನಮಗಾಗಿ ಹೇಳಿಕೊಡಲಾರವು. ಫೈಲಿನ ಹೆಸರು 'ಕೋಲಾರ' ಎಂದಿರಲಿ. ಯೂನಿಕೋಡ್ ಪದ್ಧತಿಯಲ್ಲಿ 'ಕೋ' ಎಂಬುದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು; ಎತ್ವ, ಕೊಂಬಿನ ದೀರ್ಘ, ಅದರ ಮುಂದಿನ ದೀರ್ಘಚಿಹ್ನೆ ಎಂದು ಮೂರು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. ಯೂನಿಕೋಡ್ ಎರಡನ್ನೂ ಸಮಾನವೆಂದೇ ಎಣಿಸುತ್ತದೆ. ಕಣ್ಣಿಗೂ ಅವೆರಡು ಒಂದೇ. ಆದರೆ ಸಾಮಾನ್ಯ ಬಳಕೆಯ ಯೂಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟುಗಳು ಬೇಕಾಗುವುದರಿಂದ, ಮೊದಲ ರೀತಿಯ 'ಕೋಲಾರ' 15 ಬೈಟುಗಳನ್ನೂ ಎರಡನೆಯ ರೀತಿಯದು 21 ಬೈಟುಗಳನ್ನೂ ಹಿಡಿಯುತ್ತದೆ. ಬೈಟುಗಳನ್ನಷ್ಟೇ ನೋಡುವ ಯಂತ್ರಕ್ಕೆ ಇವು ಎರಡು ಬೇರೆ ಊರುಗಳು. ಆಪಲ್ ಯಂತ್ರಗಳ ಹಳೆಯ ಫೈಲುವ್ಯವಸ್ಥೆಯು ಹೆಸರುಗಳನ್ನು ಬಿಡಿಸಿದ ರೂಪದಲ್ಲಿಯೇ ಇಡುತ್ತಿದ್ದುದರಿಂದ ಗಿಟ್‌ಗೂ ಈ ತೊಡಕು ಎದುರಾಗಿ, ಅದಕ್ಕೆಂದೇ ಒಂದು ಏರ್ಪಾಟನ್ನು ಸೇರಿಸಬೇಕಾಯಿತು. ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುವ ಕಾಮಸಮುದ್ರದಂತಹ ಗಡಿನಾಡಿನ ವಿದ್ಯಾರ್ಥಿಗಳು ತಮ್ಮ ಫೈಲುಗಳಿಗೆ ತಮ್ಮ ಭಾಷೆಯಲ್ಲಿ ಹೆಸರಿಡಬೇಕಾದರೆ ಈ ಪರೀಕ್ಷೆಯನ್ನು ಅವರೇ ಬರೆಯಬೇಕು. ಬೇರೆಯವರಿಗೆ ಇದು ಹೊಳೆಯುವ ಸಂಭವ ಕಡಿಮೆ.

ನಾಲ್ಕನೆಯದು ಕಾಲ. ನಮೂದುಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿದರೆ ಸಾಕೆಂದು ತೋರುವುದು ಸಹಜ. ಆದರೆ ಒಂದೇ ಸೆಕೆಂಡಿನಲ್ಲಿ ಎರಡು ನಮೂದುಗಳಾದರೆ? ಯಂತ್ರದೊಳಗಿನ ಬ್ಯಾಟರಿ ಸತ್ತು ಗಡಿಯಾರವು ಹತ್ತು ವರ್ಷ ಹಿಂದಕ್ಕೆ ಹೋಗಿದ್ದರೆ? ಆಗ ಮಗನು ತಂದೆಗಿಂತ ಮೊದಲು ಹುಟ್ಟಿದಂತಾಗುತ್ತದೆ. ಕ್ರಮವನ್ನು ತಿಳಿಯಲು ಗಡಿಯಾರವನ್ನು ನಂಬದೆ, ಪ್ರತಿ ನಮೂದಿನಲ್ಲಿರುವ 'ಹಿಂದಿನ ನಮೂದಿನ ಸಂಖ್ಯೆ'ಯನ್ನೇ ಅನುಸರಿಸಬೇಕು. ಇದನ್ನು ಪರೀಕ್ಷಿಸಲು ನಿಜವಾದ ಗಡಿಯಾರಕ್ಕಾಗಿ ಕಾಯಬೇಕಾಗಿಲ್ಲ. ನಾವು ಹೇಳಿದ ಕಾಲವನ್ನೇ ತೋರಿಸುವ ಸುಳ್ಳು ಗಡಿಯಾರವೊಂದನ್ನು ಪ್ರೋಗ್ರಾಮಿಗೆ ಒದಗಿಸಿದರಾಯಿತು. ಮೊತ್ತಮೊದಲಿನ ನಮೂದಿಗೆ ತಂದೆಯೇ ಇಲ್ಲವೆಂಬ ವಿಶೇಷ ಸಂದರ್ಭವನ್ನೂ ಮರೆಯಕೂಡದು. ಬಹಳಷ್ಟು ಪ್ರೋಗ್ರಾಮುಗಳು ಎಡವುವುದು ಇಂತಹ ಅಂಚುಗಳಲ್ಲಿಯೇ.

ಐದನೆಯದು ಕೂಡಿಸುವ ಕೆಲಸ. ಇಬ್ಬರು ವಿದ್ಯಾರ್ಥಿಗಳು ಲೋಲಕದ ಪಟ್ಟಿಯ ಒಂದೇ ಪ್ರತಿಯನ್ನು ಮನೆಗೆ ಒಯ್ದರೆನ್ನಿ. 80 ಸೆಂಟಿಮೀಟರ್ ಉದ್ದಕ್ಕೆ 20 ಆಂದೋಲನಗಳ ಕಾಲ 35.0 ಸೆಕೆಂಡು ಎಂದು ಮೂಲದಲ್ಲಿದೆ. ಒಬ್ಬರು ಅದನ್ನು 35.9 ಎಂದು ತಿದ್ದಿದರು, ಇನ್ನೊಬ್ಬರು 36.2 ಎಂದು ತಿದ್ದಿದರು. ಈಗ ಎರಡನ್ನೂ ಕೂಡಿಸಬೇಕು. ಇಲ್ಲಿ ಸಂಭವಿಸಬಹುದಾದ ಪ್ರಸಂಗಗಳನ್ನು ಕುಳಿತು ಎಣಿಸಬಹುದು: ಇಬ್ಬರೂ ತಿದ್ದಿಲ್ಲ, ಮೊದಲನೆಯವರು ಮಾತ್ರ ತಿದ್ದಿದ್ದಾರೆ, ಎರಡನೆಯವರು ಮಾತ್ರ ತಿದ್ದಿದ್ದಾರೆ, ಇಬ್ಬರೂ ಒಂದೇ ಬಗೆಯಾಗಿ ತಿದ್ದಿದ್ದಾರೆ, ಇಬ್ಬರೂ ಬೇರೆ ಬೇರೆಯಾಗಿ ತಿದ್ದಿದ್ದಾರೆ. ಮೊದಲ ನಾಲ್ಕರಲ್ಲಿ ಯಂತ್ರವು ತಾನೇ ತೀರ್ಮಾನಿಸಬಹುದು. ಐದನೆಯದರಲ್ಲಿ ಅದು ತೀರ್ಮಾನಿಸಕೂಡದು; ಎರಡು ಅಳತೆಗಳನ್ನೂ ಮುಂದಿಟ್ಟು, ಘರ್ಷಣೆಯುಂಟೆಂದು ತಿಳಿಸಿ ಸುಮ್ಮನಾಗಬೇಕು. 36.2 ಎಂಬುದನ್ನು ಸದ್ದಿಲ್ಲದೆ ಉಳಿಸಿಕೊಂಡು 35.9ನ್ನು ನುಂಗಿಬಿಡುವ ಯಂತ್ರವು ಒಬ್ಬರ ಶ್ರಮವನ್ನು ಕದ್ದಂತೆ. ಒಬ್ಬರು ಫೈಲನ್ನೇ ಅಳಿಸಿ ಮತ್ತೊಬ್ಬರು ಅದನ್ನು ತಿದ್ದಿದ್ದರೆ ಏನಾಗಬೇಕೆಂಬುದಕ್ಕೂ ಒಂದು ಪರೀಕ್ಷೆ ಬೇಕು. 2 ಎಕರೆ 10 ಗುಂಟೆ ಜಮೀನನ್ನು ಮೂವರಿಗೆ ಪಾಲು ಮಾಡಿದರೆ ಒಬ್ಬೊಬ್ಬರಿಗೆ 30 ಗುಂಟೆ ಬಂದು ಒಟ್ಟು 90 ಗುಂಟೆಯೇ ಆಗಬೇಕಷ್ಟೆ. ಹಾಗೆಯೇ ಕೂಡಿಸುವಾಗಲೂ ಯಾರ ಸಾಲೂ ಮಾಯವಾಗಬಾರದು. ಇದನ್ನು ನೆನಪಿನ ಯಂತ್ರದ ಸಂರಕ್ಷಣ ನಿಯಮವೆಂದು ಕರೆಯಬಹುದು.

ಆರನೆಯದು ವಿದ್ಯುತ್ತು. ನಮೂದನ್ನು ಬರೆಯುತ್ತಿರುವಾಗಲೇ ಕರೆಂಟು ಹೋಯಿತು. ಈಗ ಭಂಡಾರದ ಗತಿಯೇನು? ಅರ್ಧ ಬರೆದ ಹೊಸ ನಮೂದು ನಷ್ಟವಾದರೆ ಸಹಿಸಬಹುದು. ಹಳೆಯ ನಮೂದು ಕೆಡುವಂತಾಗಬಾರದು. ಆದುದರಿಂದ ಹೊಸದನ್ನು ಮೊದಲು ತಾತ್ಕಾಲಿಕ ಹೆಸರಿನಲ್ಲಿ ಪೂರ್ತಿಯಾಗಿ ಬರೆದು, ಅನಂತರ ಸರಿಯಾದ ಹೆಸರನ್ನಿತ್ತು, 'ಈಗಿನ ನಮೂದು ಇದು' ಎಂದು ತೋರುವ ಸೂಚಿಯನ್ನು ಎಲ್ಲಕ್ಕಿಂತ ಕೊನೆಗೆ ಬದಲಾಯಿಸುವುದು ಜಾಣತನ. ಪರೀಕ್ಷಿಸುವುದಕ್ಕೆ ಮೈನ್ ಸ್ವಿಚ್ಚನ್ನು ಆರಿಸಬೇಕಾಗಿಲ್ಲ. ಇಷ್ಟು ಬೈಟುಗಳನ್ನು ಬರೆದ ಮೇಲೆ ಬೇಕೆಂದೇ ಕೈಕೊಡುವ ಒಂದು ಬರಹಯಂತ್ರವನ್ನು ಪ್ರೋಗ್ರಾಮಿನೊಳಗೆ ಇಟ್ಟು, ಬೇರೆ ಬೇರೆ ಹಂತಗಳಲ್ಲಿ ಕೆಲಸವನ್ನು ಕಡಿದು, ಪ್ರತಿ ಸಲವೂ ಹಳೆಯ ಚರಿತ್ರೆ ಓದಲು ಬರುತ್ತದೆಯೇ ಎಂದು ನೋಡಬೇಕು. ಇದರ ಜೊತೆಗೆ, ಭಂಡಾರದಲ್ಲಿರುವ ಒಂದು ಬೈಟನ್ನು ನಾವೇ ಕೆಡಿಸಿಟ್ಟು, ಓದುವಾಗ ಯಂತ್ರವು ಅದನ್ನು ಕಂಡುಹಿಡಿದು ಹೇಳುತ್ತದೆಯೇ ಎಂಬುದನ್ನೂ ನೋಡಬೇಕು.

ಕೊನೆಯದಾಗಿ, ಯಂತ್ರವು ಮಾಡಬಾರದ್ದನ್ನು ಮಾಡುವುದಿಲ್ಲವೆಂಬುದಕ್ಕೂ ಪರೀಕ್ಷೆ ಬೇಕು. ಇನ್ನೂ ನಮೂದು ಮಾಡದ ಕೆಲಸ ಮೇಜಿನ ಮೇಲಿರುವಾಗ ಹಳೆಯ ಆವೃತ್ತಿಯನ್ನು ಕೇಳಿದರೆ, ಅದು ಹೊಸ ಕೆಲಸದ ಮೇಲೆ ಹಳೆಯದನ್ನು ಬರೆದುಬಿಡದೆ ನಿರಾಕರಿಸಬೇಕು. ನಿರಾಕರಣೆಯೂ ಒಂದು ಉತ್ತರವೇ. ಅದನ್ನೂ ತಾಳೆ ನೋಡಬೇಕು.

ಸೊನ್ನೆಯ ಅರ್ಥ

ಇಷ್ಟೆಲ್ಲ ಪರೀಕ್ಷೆಗಳನ್ನು ಬರೆದು ನಡೆಸಿದಾಗ, 'ಸೋತ ಪರೀಕ್ಷೆಗಳು: 0' ಎಂದು ಪರದೆಯ ಮೇಲೆ ಮೂಡಿತೆನ್ನೋಣ. ಸಂತೋಷಪಡುವುದಕ್ಕೆ ಮೊದಲು ಈ ಸೊನ್ನೆಯ ಅರ್ಥವನ್ನು ವಿಚಾರಿಸಬೇಕು.

ಕೋಲಾರದ ಗಣಿಗಳಲ್ಲಿ ನ್ಯೂಟ್ರಿನೊ ಪ್ರಯೋಗಕ್ಕೆ ಮೊದಲು, 1960ರ ದಶಕದ ಆದಿಯಲ್ಲಿ, ವಿಜ್ಞಾನಿಗಳು ಬೇರೆ ಬೇರೆ ಆಳಗಳಲ್ಲಿ ಮ್ಯೂಆನ್ ಎಂಬ ಕಣಗಳನ್ನು ಎಣಿಸಿದರು. ಆಳಕ್ಕೆ ಇಳಿದಂತೆಲ್ಲ ಎಣಿಕೆ ಇಳಿಯುತ್ತ ಹೋಗಿ, ಎಲ್ಲಕ್ಕಿಂತ ಆಳದ ಮಟ್ಟದಲ್ಲಿ ಎರಡು ತಿಂಗಳು ಕಾದರೂ ಒಂದು ಕಣವೂ ದಾಖಲಾಗಲಿಲ್ಲ. ಆ ಸೊನ್ನೆ ಅಮೂಲ್ಯವಾದುದು. ಅದರಿಂದಲೇ ನ್ಯೂಟ್ರಿನೊಗಳನ್ನು ಹುಡುಕಲು ಈ ಆಳ ತಕ್ಕ ಸ್ಥಳವೆಂಬ ಧೈರ್ಯ ಬಂದಿತು. ಅದು ಅಮೂಲ್ಯವಾದುದೇಕೆ? ಮೇಲಿನ ಮಟ್ಟಗಳಲ್ಲಿ ಕಣಗಳನ್ನು ಎಣಿಸಿ ತೋರಿಸಿದ್ದ ಬಗೆಯ ಉಪಕರಣವು ಇಲ್ಲಿ ಮೌನವಾಗಿದ್ದುದರಿಂದ. ತಂತಿಯೇ ಕಳಚಿಹೋಗಿದ್ದ ಉಪಕರಣವೂ ಸೊನ್ನೆಯನ್ನೇ ತೋರಿಸುತ್ತದೆ; ಆ ಸೊನ್ನೆಗೆ ಬೆಲೆಯಿಲ್ಲ.

ಸೋಲಲಾರದ ಪರೀಕ್ಷೆಯು ತಂತಿ ಕಳಚಿದ ಉಪಕರಣದಂತೆ. ಪ್ರೋಗ್ರಾಮು ಕೊಟ್ಟ ಉತ್ತರವನ್ನು ಅದೇ ಪ್ರೋಗ್ರಾಮಿನ ಉತ್ತರದೊಡನೆ ತಾಳೆ ನೋಡಿ 'ಸರಿ' ಎನ್ನುವ ಪರೀಕ್ಷೆಗಳನ್ನು ಬರೆಯುವುದು ಬಹಳ ಸುಲಭ. ಇದಕ್ಕೆ ಮದ್ದು ಇದೆ. ಪ್ರೋಗ್ರಾಮಿನಲ್ಲಿ ಬೇಕೆಂದೇ ಒಂದು ಚಿಕ್ಕ ದೋಷವನ್ನು ಸೇರಿಸುವುದು: 'ಹೆಚ್ಚು' ಎಂದಿದ್ದಲ್ಲಿ 'ಕಡಿಮೆ', 'ಮತ್ತು' ಎಂದಿದ್ದಲ್ಲಿ 'ಅಥವಾ'. ಆಮೇಲೆ ಪರೀಕ್ಷೆಗಳನ್ನು ನಡೆಸುವುದು. ಒಂದಾದರೂ ಪರೀಕ್ಷೆ ಸೋಲಬೇಕು. ಯಾವುದೂ ಸೋಲದಿದ್ದರೆ ಆ ಭಾಗವನ್ನು ಯಾವ ಪರೀಕ್ಷೆಯೂ ಕಾಯುತ್ತಿಲ್ಲವೆಂದು ಗೊತ್ತಾಗುತ್ತದೆ. ಡಿಮಿಲೊ, ಲಿಪ್ಟನ್ ಮತ್ತು ಸೇವರ್ಡ್ ಎಂಬವರು 1978ರಲ್ಲಿ ಪ್ರಚುರಪಡಿಸಿದ ಈ ವಿಧಾನಕ್ಕೂ ಮ್ಯುಟೇಷನ್ ಎಂದೇ ಹೆಸರು. ಕಂದಾಯ ಕಚೇರಿಯ ಶಬ್ದವೂ ಕಂಪ್ಯೂಟರ್ ವಿಜ್ಞಾನದ ಶಬ್ದವೂ ಒಂದೇ ಆದುದು ಕಾಕತಾಳೀಯ.

ಆಕ್ಷೇಪಗಳು

ಈ ಅಭಿಪ್ರಾಯಕ್ಕೆ ಎದುರಾಗಬಹುದಾದ ಆಕ್ಷೇಪಗಳನ್ನು ಪರ್ಯಾಲೋಚಿಸೋಣ.

ಗಿಟ್ ಇರುವಾಗ ವಿದ್ಯಾರ್ಥಿಗಳು ಇನ್ನೊಂದನ್ನು ಏಕೆ ರಚಿಸಬೇಕೆಂದು ಕೆಲವರು ಕೇಳಬಹುದು. ಗುರುತ್ವದ ಬೆಲೆ ಪುಸ್ತಕದಲ್ಲಿ ಅಚ್ಚಾಗಿರುವಾಗ ಪ್ರತಿ ವರ್ಷವೂ ಲೋಲಕವನ್ನು ತೂಗಾಡಿಸುವುದು ಏಕೆ? ಬೆಲೆಗಾಗಿ ಅಲ್ಲ, ಅಳೆಯುವ ಶಿಸ್ತಿಗಾಗಿ. ಹಾಗೆಯೇ ಇದೂ.

ಎರಡನೆಯ ಆಕ್ಷೇಪವು ಹೆಚ್ಚು ಗಂಭೀರವಾದುದು. ಎಷ್ಟು ಪರೀಕ್ಷೆಗಳನ್ನು ನಡೆಸಿದರೂ ಪ್ರೋಗ್ರಾಮು ನಿರ್ದೋಷವೆಂದು ಸಿದ್ಧವಾಗುವುದಿಲ್ಲ. ಪರೀಕ್ಷೆಯು ದೋಷವುಂಟೆಂದು ತೋರಿಸಬಲ್ಲುದೇ ಹೊರತು ಇಲ್ಲವೆಂದು ತೋರಿಸಲಾರದು ಎಂಬುದನ್ನು ಡಚ್ ವಿಜ್ಞಾನಿ ಡೈಕ್‌ಸ್ಟ್ರಾ 1969ರಷ್ಟು ಹಿಂದೆಯೇ ಹೇಳಿದ್ದರು. ಬಿಡಿ ಭಾಗಗಳ ಪರೀಕ್ಷೆಯಿಂದ ಅವುಗಳ ಜೋಡಣೆ ಸರಿಯೆಂದೂ ಸಿದ್ಧವಾಗುವುದಿಲ್ಲ. ಅಮೆರಿಕದ ಮಂಗಳನ ವ್ಯೋಮನೌಕೆಯೊಂದು 1999ರಲ್ಲಿ ನಾಶವಾದುದಕ್ಕೆ, ಒಂದು ಪ್ರೋಗ್ರಾಮು ಪೌಂಡು-ಸೆಕೆಂಡುಗಳಲ್ಲಿ ಕೊಟ್ಟ ಸಂಖ್ಯೆಯನ್ನು ಇನ್ನೊಂದು ನ್ಯೂಟನ್-ಸೆಕೆಂಡುಗಳೆಂದು ಓದಿಕೊಂಡುದು ಕಾರಣ. ಇವೆಲ್ಲ ನಿಜ. ಆದರೆ ಭೌತಶಾಸ್ತ್ರದ ನಿಯಮಗಳಿಗೂ ಈ ಮಾತು ಸಲ್ಲುತ್ತದೆ. ಯಾವ ನಿಯಮವನ್ನೂ ಪ್ರಯೋಗಗಳು ಶಾಶ್ವತವಾಗಿ ಸ್ಥಾಪಿಸಿಲ್ಲ. ಸೋಲಬಹುದಾಗಿದ್ದ ಪ್ರಯೋಗಗಳಲ್ಲಿ ಸೋಲದೆ ಉಳಿದಿರುವುದರಿಂದಲೇ ಅವನ್ನು ನಂಬುತ್ತೇವೆ. ಪರೀಕ್ಷೆಗೆ ಮಿತಿಯುಂಟೆಂಬುದು ಪರೀಕ್ಷಿಸದಿರಲು ಕಾರಣವಾಗಲಾರದು. ಬಿಡಿ ಭಾಗಗಳ ಜೊತೆಗೆ ಜೋಡಣೆಯನ್ನೂ ಪರೀಕ್ಷಿಸಬೇಕೆಂಬುದಷ್ಟೇ ಅದರಿಂದ ಸಿದ್ಧವಾಗುತ್ತದೆ.

ಮೂರನೆಯದು ಕಾಲಾಭಾವ: ಪಠ್ಯವನ್ನು ಮುಗಿಸುವುದಕ್ಕೇ ವೇಳೆ ಸಾಲದಿರುವಾಗ ಪರೀಕ್ಷೆಗಳನ್ನು ಬರೆಯುವುದು ಯಾವಾಗ? ಇಂದಿನ ಪರಿಸ್ಥಿತಿಯಲ್ಲಿ ಈ ಆಕ್ಷೇಪ ಹಳತಾಗಿದೆ. ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ಕೇಳಿದರೆ ಅವು ಕೆಲವೇ ನಿಮಿಷಗಳಲ್ಲಿ ಇಂತಹ ಪ್ರೋಗ್ರಾಮನ್ನು ಬರೆದುಕೊಡುತ್ತವೆ. ಬೇಕೆಂದರೆ ಪರೀಕ್ಷೆಗಳನ್ನೂ ಬರೆದುಕೊಡುತ್ತವೆ. ಪ್ರೋಗ್ರಾಮನ್ನು ತಂದು ತೋರಿಸಿದವರು ಅದನ್ನು ಅರಿತಿದ್ದಾರೆಂಬ ಭರವಸೆ ಈಗ ಉಳಿದಿಲ್ಲ. ಹೀಗಿರುವಾಗ ವಿದ್ಯಾರ್ಥಿಗಳಿಗೆ ಉಳಿದಿರುವ ಕೆಲಸವೇ ತೀರ್ಪು ನೀಡುವುದು. ಯಾವುದು ಸರಿಯಾದ ಉತ್ತರ, ಏಕೆ, ಎಲ್ಲಿ ಇದು ಮುರಿಯಬಹುದು ಎಂಬುದನ್ನು ನಿರ್ಣಯಿಸಬಲ್ಲವರು ಮಾತ್ರ ಯಂತ್ರದ ಒಡೆಯರಾಗಿ ಉಳಿಯುತ್ತಾರೆ. ಹಳ್ಳಿಯಿಂದ ಬಂದು, ಮನೆಯಲ್ಲಿ ಕಂಪ್ಯೂಟರಿಲ್ಲದೆ, ಕಾಲೇಜಿನ ಯಂತ್ರವನ್ನೇ ನೆಚ್ಚಿಕೊಂಡ ವಿದ್ಯಾರ್ಥಿಗಳಿಗೆ ಈ ನಿರ್ಣಯಶಕ್ತಿ ಬಹಳ ದೊಡ್ಡ ಆಸ್ತಿ. ಅದನ್ನು ಕಾಗದ ಪೆನ್ಸಿಲುಗಳಿಂದಲೇ ಬೆಳೆಸಿಕೊಳ್ಳಲು ತೊಡಗಬಹುದು, ಏಕೆಂದರೆ ಪರೀಕ್ಷೆಯ ತಿರುಳು ಇರುವುದು 'ಹೀಗಾದರೆ ಏನಾಗಬೇಕು?' ಎಂಬ ಪ್ರಶ್ನೆಯಲ್ಲಿ.

ಮಾಡಬೇಕಾದುದು

ಇನ್ನು ಕಾರ್ಯರೂಪದ ಸಲಹೆಗಳು. ಪ್ರಾಜೆಕ್ಟಿನ ಅಂಕಗಳಲ್ಲಿ ಅರ್ಧವನ್ನು ಪರೀಕ್ಷೆಗಳಿಗೆ ಮೀಸಲಿಡಬೇಕು. ಪ್ರತಿಯೊಂದು ತಂಡದ ಪ್ರೋಗ್ರಾಮನ್ನು ಇನ್ನೊಂದು ತಂಡದ ಪರೀಕ್ಷೆಗಳಿಂದ ಒರೆಗೆ ಹಚ್ಚಬೇಕು; ತಮ್ಮ ಕೂಸಿನ ಕುಂದು ತಮಗೆ ಕಾಣುವುದು ಕಷ್ಟ. ವಿಜ್ಞಾನದಲ್ಲಿಯೂ ಇದೇ ರೂಢಿ. 1980ರ ದಶಕದಲ್ಲಿ ಪ್ರೋಟಾನಿನ ಕ್ಷಯವನ್ನು ಸೂಚಿಸಬಹುದಾದ ಕೆಲವು ಘಟನೆಗಳನ್ನು ಕೋಲಾರ ಗಣಿಗಳ ಪ್ರಯೋಗವು ವರದಿ ಮಾಡಿತು. ಅಮೆರಿಕ ಮತ್ತು ಜಪಾನುಗಳ ಇನ್ನೂ ದೊಡ್ಡ ಉಪಕರಣಗಳಲ್ಲಿ ಅದಕ್ಕೆ ಸಮರ್ಥನೆ ದೊರೆಯಲಿಲ್ಲ. ಇದರಿಂದ ಯಾರಿಗೂ ಅಗೌರವವಾಗಲಿಲ್ಲ. ಕಂಡುದನ್ನು ಇತರರ ಪರೀಕ್ಷೆಗೆ ಒಡ್ಡುವುದೇ ವಿಜ್ಞಾನದ ಮರ್ಯಾದೆ.

ದೋಷವೊಂದು ಸಿಕ್ಕಾಗ ಅದನ್ನು ಒಡನೆಯೇ ತಿದ್ದಿಬಿಡಬಾರದು; ಆ ದೋಷದಿಂದ ಸೋಲುವ ಪರೀಕ್ಷೆಯೊಂದನ್ನು ಮೊದಲು ಬರೆದು, ಅದು ಸೋಲುವುದನ್ನು ಕಣ್ಣಾರೆ ಕಂಡು, ಅನಂತರ ತಿದ್ದಬೇಕು. ಹಾಗೆ ಮಾಡಿದರೆ ಆ ದೋಷ ಮತ್ತೆ ನುಸುಳಿದಾಗ ಕಾವಲುಗಾರನಿರುತ್ತಾನೆ. ಪ್ರಯೋಗಶಾಲೆಯ ರೆಕಾರ್ಡ್ ಪುಸ್ತಕದಲ್ಲಿ ತಪ್ಪಿದ ಅಳತೆಯನ್ನು ರಬ್ಬರಿನಿಂದ ಉಜ್ಜದೆ, ಒಂದು ಗೆರೆ ಹೊಡೆದು ಪಕ್ಕದಲ್ಲಿ ಸರಿಯಾದುದನ್ನು ಬರೆಯಿರೆಂದು ಹೇಳುವ ನಿಯಮದ ಹಿಂದೆಯೂ ಇದೇ ವಿವೇಕವಿದೆ. ಪರೀಕ್ಷಕರೂ ಒಂದು ಮಾತನ್ನು ಒಪ್ಪಿಕೊಳ್ಳಬೇಕಾಗುತ್ತದೆ: 'ನಮ್ಮ ಪ್ರೋಗ್ರಾಮು ಈ ಮೂರು ಪರೀಕ್ಷೆಗಳಲ್ಲಿ ಸೋಲುತ್ತದೆ, ಕಾರಣ ಇಂತಹುದು' ಎಂದು ಬರೆದುಕೊಟ್ಟ ತಂಡಕ್ಕೆ, 'ಎಲ್ಲವೂ ಸರಿಯಾಗಿದೆ' ಎಂದು ಬರಿಯ ಬಾಯಲ್ಲಿ ಹೇಳಿದ ತಂಡಕ್ಕಿಂತ ಹೆಚ್ಚು ಅಂಕ ಸಲ್ಲಬೇಕು.

ವಿದ್ಯಾರ್ಥಿಮಿತ್ರರು ಮೇಷ್ಟರ ಅಪ್ಪಣೆಗಾಗಿ ಕಾಯದೆ ಈ ಕೆಲಸವನ್ನು ಆರಂಭಿಸಬಹುದು. ಮೊದಲ ದಿನ ಒಂದೇ ಪರೀಕ್ಷೆ ಸಾಕು: ಖಾಲಿ ಫೈಲೊಂದನ್ನು ಭಂಡಾರದಲ್ಲಿಟ್ಟು ಹಿಂದಕ್ಕೆ ಪಡೆಯುವುದು. ಪ್ರೋಗ್ರಾಮನ್ನು ಇನ್ನೂ ಬರೆದಿಲ್ಲವಾದುದರಿಂದ ಅದು ಸೋಲುತ್ತದೆ. ಅದನ್ನು ಗೆಲ್ಲಿಸುವಷ್ಟು ಮಾತ್ರ ಪ್ರೋಗ್ರಾಮನ್ನು ಬರೆಯಿರಿ. ಮರುದಿನ 'ಕೋಲಾರ' ಎಂದು ಹೆಸರಿಟ್ಟು ಎರಡನೆಯ ಪರೀಕ್ಷೆಗೆ ಕೈಹಚ್ಚಿರಿ.